ಹಲ್ಲಿನ ಡಾಕ್ಟರಮ್ಮನ ಪೆನ್ಸಿಲ್ ಗುರುತು

ಬೆಳಗಿನ ಐದೂವರೆ. ಬಲ್ಗೇರಿಯಾದ ರೂಸೆ ಊರಿನ ನದಿ ಬಂದರಿನಲ್ಲಿ ಹಡಗೊಂದು ಕೂಗುತ್ತದೆ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಮಿನ್ಕಾ ಚೊಲಾಕೊವಾ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎದುರಿಗೆ ಬಿಳಿ ಟೈಲ್ಸಿನ ಒಂದು ಚೂರು, ಅದರ ಮೇಲೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಅಂಚೆ ಚೀಟಿ. ಚೀಟಿಯ ಎಡ ಅಂಚಿನಲ್ಲಿ ಒಂದು ಹಲ್ಲಿಲ್ಲ. ಮಿನ್ಕಾ ಕೈಯಲ್ಲಿ ಹಲ್ಲಿನ ಆಸ್ಪತ್ರೆಯ ಸಣ್ಣ ಕೊಕ್ಕೆ, ಕೊಕ್ಕೆಯ ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಕಾಗದದ ನಾರು.

"ಮಾತಾಡ್ಬೇಡ ಮಗಳೇ," ಅನ್ನುತ್ತಾರೆ ತುಟಿ ಅಲ್ಲಾಡಿಸದೆ. "ನೀನು ಉಸಿರು ಬಿಟ್ರೂ ಹಾರಿಹೋಗತ್ತೆ."

ನಾನೂ ಉಸಿರು ಹಿಡಿದು ಕೂರುತ್ತೇನೆ. ಪತ್ರಿಕೆಯ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು, ಹೀಗೆ ಮೂಗು ಮುಚ್ಚಿಕೊಂಡು ಸಂದರ್ಶನ ಮಾಡಿದ್ದು ಇದೇ ಮೊದಲು. ಐದು ನಿಮಿಷವಾದ ಮೇಲೆ ಅವರು ಕೊಕ್ಕೆ ಕೆಳಗಿಟ್ಟು, ಚೀಟಿಯನ್ನು ಚಿಮುಟದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಲ್ಲು ಬಂದಿದೆ! ಭೂತಕನ್ನಡಿ ಹಾಕಿ ಹುಡುಕುತ್ತೇನೆ, ಸಾಲಿನಲ್ಲಿ ಹೊಸ ಹಲ್ಲು ಯಾವುದು ಅಂತ ಏನು ಮಾಡಿದರೂ ಸಿಗುವುದಿಲ್ಲ. ಅದು ಹೇಗಮ್ಮಾ ಸಾಧ್ಯ ಅಂತ ಬಾಯಿ ಬಿಟ್ಟುಕೊಂಡು ನಿಲ್ಲುತ್ತೇನೆ.

"ಬಾಯಿ ಮುಚ್ಚು. ಎಡಗಡೆ ದವಡೆ ಹಲ್ಲು ಹುಳುಕಾಗಿದೆ ನಿಂಗೆ. ತೋರಿಸ್ಕೋ."

ಚೀಟಿ ಒಣಗಿದ ಮೇಲೆ ಅದನ್ನು ಮಗುಚಿ ಹಾಕಿ, ಬೆನ್ನಿನ ಕೆಳಮೂಲೆಯಲ್ಲಿ ಚೂಪು ಪೆನ್ಸಿಲಿನಿಂದ ಒಂದೇ ಒಂದು ಅಕ್ಷರ ಬರೆಯುತ್ತಾರೆ. ಸಾಸಿವೆ ಕಾಳಿನಷ್ಟು ಚಿಕ್ಕ 'ಪ'. ನಮ್ಮ ಬರಹದಲ್ಲಿ ಒಂಬತ್ತು ಅಕ್ಷರವಾಗುವ ಪೊಪ್ರಾವೆನಾ ಅನ್ನುವ ಪದದ ಮೊದಲ ಅಕ್ಷರ ಅದು, ರಿಪೇರಿ ಆದದ್ದು ಎಂದು ಅರ್ಥ. ನಮ್ಮ ಬಲ್ಗೇರಿಯನ್ ಲಿಪಿಯ 'ಪ' ಅಚ್ಚಿನಲ್ಲಿ ಬಾಗಿಲ ಚೌಕಟ್ಟಿನ ಹಾಗೆ ಇರುತ್ತದೆ: ಎರಡು ಕಂಬ, ಮೇಲೊಂದು ತೊಲೆ. ಕೈಯಲ್ಲಿ ಬರೆದಾಗ ಆ ತೊಲೆ ಬಾಗಿ ಕಮಾನಾಗುತ್ತದೆ. ಎರಡನೇ ಕ್ಲಾಸಿನ ಮಗುವೂ ಅದನ್ನು ತಡವರಿಸದೆ ಓದುತ್ತದೆ.

"ಈ ಗುರುತು ಹಾಕ್ದೆ ಒಂದು ಚೀಟೀನೂ ಈ ಹೊಸಲು ದಾಟಿಲ್ಲ," ಅನ್ನುತ್ತಾರೆ ಮಿನ್ಕಾ. "ಮಾಡಿದ್ದನ್ನ ಮಾಡಿದೆ ಅಂತ ಹೇಳ್ಬೇಕಪ್ಪ. ಹೇಳ್ದೆ ಇದ್ರೆ ನಾನು ಡಾಕ್ಟ್ರಲ್ಲ, ಕಳ್ಳಿ."

ಓದುಗರು ಆ ಒಂದು ಅಕ್ಷರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅವತ್ತು ಬೆಳಿಗ್ಗೆ ನಾನೂ ಅದನ್ನು ನೋಡಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಅದರೊಳಗೆ ಏನು ಕೂತಿದೆ ಅಂತ ನನಗೆಲ್ಲಿ ಗೊತ್ತಿತ್ತು?

ಮಿನ್ಕಾ ಅವರಿಗೆ ಈಗ ಎಪ್ಪತ್ತನಾಲ್ಕು. ಊರಿನ ಅಂಚೆಚೀಟಿ ಸಂಘದವರೆಲ್ಲ ಅವರನ್ನು ಕರೆಯುವುದು 'ಹಲ್ಲಿನ ಡಾಕ್ಟರಮ್ಮ' ಅಂತ. ಚೀಟಿಯ ಅಂಚಿಗೆ ನಾವು ಹಲ್ಲು ಅನ್ನುತ್ತೇವಲ್ಲ, ಅದನ್ನು ಕಟ್ಟುವವರು ಇವರು. ತಮಾಷೆಯೆಂದರೆ ಅವರು ನಿಜವಾಗಿಯೂ ಹಲ್ಲಿನ ಕೆಲಸದವರೇ. ಇಪ್ಪತ್ತು ವರ್ಷ ಒಂದು ಚಿಕಿತ್ಸಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಕಟ್ಟು ಹಲ್ಲು ಮಾಡಿದವರು. ಊರಿನ ಅರ್ಧ ಮುದುಕರು ನಕ್ಕಾಗ ಕಾಣುತ್ತಿದ್ದದ್ದು ಮಿನ್ಕಾ ಅವರ ಕೆಲಸವೇ. ಆ ಕೋಣೆಗೆ ಒಂದು ದಿನ ಕಮೆನ್ ತ್ರಿಫೊನೊವ್ ಬಂದರು. ಬಂದರಿನಲ್ಲಿ ಕ್ರೇನುಗಳ ಎಂಜಿನಿಯರ್, ಚೀಟಿ ಹುಚ್ಚು ತಲೆಗೇರಿದ ಮನುಷ್ಯ. ಬಂದದ್ದು ತಮ್ಮ ಹಲ್ಲಿಗೆ. ಕಾಯುತ್ತಾ ಕೂತಾಗ ಜೇಬಿನಿಂದ ಒಂದು ಹರಿದ ಚೀಟಿ ತೆಗೆದು ಅಳುಮೋರೆ ಮಾಡಿಕೊಂಡು ನೋಡುತ್ತಿದ್ದರಂತೆ.

"'ನನ್ನ ಹಲ್ಲು ಹಾಳಾಗಿ ಹೋಗ್ಲಿ, ಇದರ ಹಲ್ಲು ಕಟ್ತೀಯಾ ಮಿನ್ಕಾ?' ಅಂದ," ಎಂದು ನೆನೆದು ನಗುತ್ತಾರೆ ಮಿನ್ಕಾ. "ಹುಚ್ಚ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಾನೇ ಊಟ ಬಿಟ್ಟು ಅದನ್ನ ಕಟ್ತಾ ಕೂತಿದೀನಿ."

ಎರಡೇ ವರ್ಷದಲ್ಲಿ ಚಿಕಿತ್ಸಾಲಯ ಮುಚ್ಚಿತು. ಕೈಗೆ ಬಂದದ್ದು ಒಂದು ಡಬ್ಬಿ ಕೊಕ್ಕೆ, ಚಮಚ, ಕನ್ನಡಿ. ಗಂಡ ಸ್ತಾಂಕೊ ಸರಕು ದೋಣಿಯಲ್ಲಿ ಕೆಲಸಕ್ಕಿದ್ದವರು, ಅದೇ ಚಳಿಗಾಲ ಶ್ವಾಸಕೋಶದ ರೋಗದಲ್ಲಿ ತೀರಿಕೊಂಡರು. ಅಲ್ಲಿಂದ ಈಚೆಗೆ ಮೂವತ್ತೊಂದು ವರ್ಷ ಮಿನ್ಕಾ ಈ ಟೈಲ್ಸಿನ ಚೂರಿನ ಮುಂದೆಯೇ ಕೂತಿದ್ದಾರೆ. ಬೇಸಿಗೆಯಲ್ಲಿ ಐದಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ. ದೀಪದ ಬೆಳಕು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದಂತೆ, ಉತ್ತರದ ಕಿಟಕಿಯ ಬೆಳಕು ಹೇಳುವುದಿಲ್ಲವಂತೆ. ಕೆಲಸ ಮುಗಿಯುವ ತನಕ ಕಾಫಿ ಇಲ್ಲ, ಕೈ ನಡುಗುತ್ತದೆ. ಚೀಸಿನ ತಿಂಡಿ ಬಾನಿತ್ಸಾ ಮುಟ್ಟುವ ಹಾಗೇ ಇಲ್ಲ, ಅದರ ಬೆಣ್ಣೆ ಬೆರಳಿಗಂಟಿದರೆ ಚೀಟಿಗೆ ಜಿಡ್ಡಿನ ಕಲೆ.

ದಿನಕ್ಕೆ ಮೂರು ಚೀಟಿ, ನಾಲ್ಕಾದರೆ ಹೆಚ್ಚು. ನೂರು ವರ್ಷದ ಚೀಟಿಗೆ ನೂರು ವರ್ಷದ ಕಾಗದವೇ ಬೇಕು. ಅದಕ್ಕೆ ಹಳೇ ಪುಸ್ತಕಗಳ ಕೊನೆಯ ಖಾಲಿ ಹಾಳೆಗಳನ್ನು ರದ್ದಿಯಂಗಡಿಯಿಂದ ತಂದು, ವರ್ಷದ ಪ್ರಕಾರ ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟಿದ್ದಾರೆ. ಆ ಹಾಳೆಯನ್ನು ಕೆರೆದು ನಾರು ಮಾಡಿ, ಗೋಧಿ ಗಂಜಿಯಲ್ಲಿ ಕಲಸಿ, ಹಲ್ಲು ಕಟ್ಟುತ್ತಾರೆ, ಸವೆದ ಬೆನ್ನು ತುಂಬುತ್ತಾರೆ, ಹರುಕು ಸೇರಿಸುತ್ತಾರೆ. ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಎಡಗಣ್ಣು ಸರದಿಯಲ್ಲಿದೆ. ಒಂದು ಹಲ್ಲಿಗೆ ಅವರು ತೆಗೆದುಕೊಳ್ಳುವ ಕೂಲಿ ಕೇಳಿ ನಾನು ಹೌಹಾರಿದೆ. ನಮ್ಮ ಬೀದಿಯಲ್ಲಿ ಅದಕ್ಕೆ ಒಂದು ಲೋಟ ಬೋಝಾ ಪಾನೀಯ ಬರುತ್ತದೆ, ಅಷ್ಟೇ.

"ಕಡಿಮೆಯಾಯ್ತಲ್ಲ ಚಿಕ್ಕಮ್ಮಾ!"

"ಹುಚ್ಚರ ಹತ್ರ ಜಾಸ್ತಿ ಕೀಳಬಾರ್ದು ಕಣೇ. ಪಾಪ, ದೇಶದ ಚೀಟಿ ಎಲ್ಲಾ ಬೇಕು ಅಂತಾರೆ. ಮೊದಲ್ನೇ ಸಿಂಹದ ಚೀಟಿಯಿಂದ ಹಿಡಿದು ಹೋದ ತಿಂಗಳು ಬಂದಿದ್ದರ ತನಕ. ಒಂದು ಸಿಗ್ಲಿಲ್ಲ ಅಂದ್ರೆ ಊಟ ಸೇರಲ್ಲ ಅವಕ್ಕೆ. ಚೆನ್ನಾಗಿರೋದು ಕೊಳ್ಳೋಕೆ ಆಗಲ್ಲ, ಹರಿದಿದ್ದು ತಗೋತಾರೆ. ನಾನು ಸರಿಮಾಡಿ ಕೊಟ್ರೆ ಆಲ್ಬಂನಲ್ಲಿ ಆ ಜಾಗ ಖಾಲಿ ಇರಲ್ಲ. ಅದಕ್ಕೇನು, ರಿಪೇರಿ ಆಗಿದೆ ಅಂತ ಹಿಂದೆ ಬರೆದಿದ್ಯಲ್ಲ."

ಇಲ್ಲಿಗೆ ನನ್ನ ಲೇಖನ ಮುಗಿದಿತ್ತು. ನಿಜ ಹೇಳುತ್ತೇನೆ, ತಲೆಬರಹವೂ ಹೊಳೆದಿತ್ತು. ಎಂಟು ಗಂಟೆಗೆ ಪೆನ್ನಿನ ಮುಚ್ಚಳ ಹಾಕುವಾಗ ಬಾಗಿಲ ಗಂಟೆ ಬಾರಿಸುತ್ತದೆ.

ಬಾಗಿಲಲ್ಲಿ ಇಬ್ಬರು. ಮುಂದೆ ನಿಂತವರು ಬಿಳಿ ಮೀಸೆಯ ಎತ್ತರದ ಮುದುಕರು. ಒಂದು ಕಂಕುಳಲ್ಲಿ ಬಟ್ಟೆ ಸುತ್ತಿದ ದಪ್ಪ ಆಲ್ಬಂ, ಇನ್ನೊಂದು ಕೈಯಲ್ಲಿ ಗುಲಾಬಿ ಗೊಂಚಲು. ಹಿಂದೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವರು ಕಮೆನ್, ಈಗ ಸಂಘದ ಅಧ್ಯಕ್ಷರು. ಅವರ ಮುಖದಲ್ಲಿ ರಕ್ತವೇ ಇಲ್ಲ.

"ಮಿನ್ಕಾ, ಇವರು ಹಾಫ್ನರ್ ಅಂತ. ಲಿಂಟ್ಸ್‌ನವರು, ಪ್ರವಾಸದ ಹಡಗಲ್ಲಿ ಬಂದಿದಾರೆ. ನಾನು ಬೇಡ ಅಂದೆ, ಆಮೇಲೆ ಬರೋಣ ಅಂದೆ, ಸಂಘದ ಕಾವಲುಗಾರನ ಹತ್ರ ವಿಳಾಸ ಇಸ್ಕೊಂಡು ಬಂದೇಬಿಟ್ರು."

ಎಗೊನ್ ಹಾಫ್ನರ್ ಬಗ್ಗಿ ಮಿನ್ಕಾ ಅವರ ಕೈಗೆ ಮುತ್ತಿಟ್ಟು ಗುಲಾಬಿ ಕೊಡುತ್ತಾರೆ. ಮಿನ್ಕಾ ಕಣ್ಣಲ್ಲೇ ಎಣಿಸುತ್ತಾರೆ. ಹನ್ನೆರಡು! ಸಮಸಂಖ್ಯೆ! ನಮ್ಮಲ್ಲಿ ಹಾಗೆ ಹೂ ಕೊಡುವುದು ಸತ್ತವರಿಗೆ ಮಾತ್ರ.

"ಅಯ್ಯೋ ದೇವ್ರೆ, ಬದುಕಿದೀನಪ್ಪಾ ಇನ್ನೂ," ಅಂದುಕೊಂಡು ಒಂದನ್ನು ಗಬಕ್ಕನೆ ಕಿತ್ತು ಸಿಂಕಿನ ಪಕ್ಕದ ಲೋಟಕ್ಕೆ ಹಾಕಿ, ಉಳಿದ ಹನ್ನೊಂದನ್ನು ಹೂಜಿಯಲ್ಲಿ ಇಡುತ್ತಾರೆ. ಹಾಫ್ನರ್ ಅವರಿಗೆ ಏನೂ ಅರ್ಥವಾಗುವುದಿಲ್ಲ, ನಗುತ್ತಾ ನಿಂತಿದ್ದಾರೆ.

ಶಾಲೆಯಲ್ಲಿ ಕಲಿತ ಜರ್ಮನ್ ನನಗೆ ಇನ್ನೂ ನೆನಪಿದೆ. ಹಾಗಾಗಿ ದುಭಾಷಿ ಕೆಲಸ ನನ್ನ ಕೊರಳಿಗೆ ಬೀಳುತ್ತದೆ. ಹಾಫ್ನರ್ ಹೇಳುತ್ತಾರೆ: ನಾನು ನಲವತ್ತು ವರ್ಷ ಟ್ರಾಮ್ ಓಡಿಸಿದವನು. ಹೆಂಡತಿಯ ಅಜ್ಜಿ ಇದೇ ರೂಸೆಯವಳು, ಆಕೆಯ ಪೆಟ್ಟಿಗೆಯಲ್ಲಿ ಸಿಕ್ಕ ಪತ್ರಗಳಿಂದ ಬಲ್ಗೇರಿಯಾದ ಚೀಟಿಗಳ ಹುಚ್ಚು ಹಿಡಿಯಿತು. ಹತ್ತೊಂಬತ್ತು ವರ್ಷದಿಂದ ಪ್ರತಿ ವಸಂತದಲ್ಲಿ ಇಲ್ಲಿಗೆ ಬಂದು ಸಂಘದ ಮಾರಾಟದ ಮೇಜಿನಲ್ಲಿ ಚೀಟಿ ಕೊಳ್ಳುತ್ತಿದ್ದೇನೆ. ಈಗ ಹಳೆಯದು ಹೊಸದು ಎಲ್ಲ ಕೂಡಿತು. ಬರುವ ಸೆಪ್ಟೆಂಬರಿನಲ್ಲಿ ನಮ್ಮೂರಿನ ಪ್ರದರ್ಶನದಲ್ಲಿ ತೀರ್ಪುಗಾರರ ಮುಂದೆ ಇಡುತ್ತೇನೆ. ಅದಕ್ಕೆ ಮುಂಚೆ, ಚೀಟಿಗಳನ್ನು ಪರೀಕ್ಷಿಸಿಕೊಟ್ಟ ಈ ಮಹಾ ಪರಿಣತೆಯನ್ನು ಕಂಡು ಧನ್ಯವಾದ ಹೇಳಬೇಕಿತ್ತು.

"ಯಾರು ಪರಿಣತೆ?" ಅನ್ನುತ್ತಾರೆ ಮಿನ್ಕಾ.

"ನೀವೇ ಚಿಕ್ಕಮ್ಮ."

"ನಾನಾ? ಎಲ್ಲೋ ಮನೆ ತಪ್ಪಿ ಬಂದಿದಾರೆ, ಪಾಪ. ಕಾಫಿ ಕೊಟ್ಟು ಕಳಿಸು."

ಹಾಫ್ನರ್ ಆಲ್ಬಂ ಬಿಚ್ಚುತ್ತಾರೆ. ಮೊದಲ ಪುಟದಲ್ಲಿ ಚೆಂದದ ಕೈಬರಹದಲ್ಲಿ ಒಂದು ಸಾಲು. ನಾನು ಗಟ್ಟಿಯಾಗಿ ಓದಿ ಹೇಳುತ್ತೇನೆ: 'ಈ ಸಂಗ್ರಹದಲ್ಲಿ ರಿಪೇರಿಯಾದ ಚೀಟಿ ಒಂದೂ ಇಲ್ಲ.' ಆಮೇಲೆ ಅವರು ಚಿಮುಟದಲ್ಲಿ ಸಿಂಹದ ಚೀಟಿಯೊಂದನ್ನು ಎತ್ತಿ, ಮಗುವನ್ನು ಮಗ್ಗುಲಾಗಿಸುವಷ್ಟು ಮೆಲ್ಲಗೆ ಮಗುಚಿ, ಬೆನ್ನಿನ ಮೂಲೆ ತೋರಿಸುತ್ತಾರೆ. ಅಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಪೆನ್ಸಿಲ್ ಅಕ್ಷರ.

"ಎನ್," ಅನ್ನುತ್ತಾರೆ ಹಾಫ್ನರ್, ಹೆಮ್ಮೆಯಿಂದ. "ನೊಯ್."

ನಾನು ಇನ್ನಷ್ಟು ಬಗ್ಗಿ ನೋಡುತ್ತೇನೆ. ಎರಡು ಕಂಬ, ಮೇಲೊಂದು ಕಮಾನು! ನಮಗೆ ಅದು 'ಪ'. ಅವರ ಲಿಪಿಯಲ್ಲಿ ಅದೇ ಗೆರೆ ಚಿಕ್ಕ ಎನ್. ಮತ್ತು ಅವರ ಭಾಷೆಯಲ್ಲಿ ಹೊಸದಕ್ಕೆ ನೊಯ್ ಅನ್ನುತ್ತಾರೆ, ಎನ್ನಿನಿಂದಲೇ ಶುರುವಾಗುವ ಪದ. ರಿಪೇರಿ ಆದದ್ದು ಅಂತ ಮಿನ್ಕಾ ಬರೆದಿಟ್ಟ ಗುರುತನ್ನು ಈ ಮನುಷ್ಯ ಹೊಸದು, ಯಾರ ಕೈಯೂ ತಾಗದ್ದು ಅಂತ ಓದಿಕೊಂಡು ಹತ್ತೊಂಬತ್ತು ವರ್ಷ ಕೊಂಡಿದ್ದಾರೆ. ಗುರುತಿಲ್ಲದ ಚೀಟಿಯನ್ನು ಅನುಮಾನದಿಂದ ಪಕ್ಕಕ್ಕಿಟ್ಟು, ಗುರುತಿರುವುದನ್ನೇ ಆರಿಸಿ ಆರಿಸಿ! ಅಂಥವು ಆಲ್ಬಂನಲ್ಲಿ ಅರವತ್ತೊಂದು ಇವೆಯಂತೆ. ಯಾರಾದರೂ ಅಕ್ಷರ ಅಳಿಸಿ ಮಾರಿದ್ದರೆ ಕಳ್ಳತನ ಅನ್ನಬಹುದಿತ್ತು. ಇಲ್ಲಿ ಒಂದನ್ನೂ ಯಾರೂ ಅಳಿಸಿಲ್ಲ.

ಮಿನ್ಕಾ ಅವರಿಗೆ ಹೇಳುತ್ತೇನೆ. ಹೇಳದೆ ಏನು ಮಾಡಲಿ? ಅವರು ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಾರೆ.

"ಏನಂದೆ? ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳುತ್ತೇನೆ.

"ಅಂದ್ರೆ ನಾನು ಹುಷಾರು ಅಂತ ಬೋರ್ಡ್ ಹಾಕಿದ್ರೆ ಇವರು ಬನ್ನಿ ಅಂತ ಓದ್ಕೊಂಡಿದಾರೆ?" ಅವರು ಕಮೆನ್ ಕಡೆ ತಿರುಗುತ್ತಾರೆ. "ಕಮೆನ್! ಮೇಜಿನ ಹಿಂದೆ ನೀನಲ್ವಾ ಕೂರೋದು? ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳ್ದೆ ಮಿನ್ಕಾ, ಆಣೆಗೂ ಹೇಳ್ದೆ!" ಕಮೆನ್ ಎರಡೂ ಕೈ ಎತ್ತುತ್ತಾರೆ. "ಮೊದಲ್ನೇ ದಿನಾನೇ ಅಕ್ಷರ ತೋರಿಸಿ 'ನೊಯ್?' ಅಂದ್ರು. ಅಷ್ಟು ಜರ್ಮನ್ ನಂಗೂ ಬರತ್ತೆ. ಅಲ್ಲ ಅಂತ ತಲೆ ಆಡಿಸ್ದೆ. ಹೀಗೆ!"

ಕಮೆನ್ ತಲೆಯನ್ನು ಮೇಲೆ ಕೆಳಗೆ ಆಡಿಸಿ ತೋರಿಸುತ್ತಾರೆ. ನಮ್ಮಲ್ಲಿ 'ಅಲ್ಲ' ಅನ್ನುವುದು ಹಾಗೇ. ಹಾಫ್ನರ್ ಅದನ್ನು ನೋಡಿ ಮುಖವರಳಿಸಿ "ಹೌದು, ಹೌದು, ಹೀಗೇ!" ಅಂತ ತಾವೂ ಮೇಲೆ ಕೆಳಗೆ ತಲೆಯಾಡಿಸುತ್ತಾರೆ. ಅವರ ದೇಶದಲ್ಲಿ ಅದು 'ಹೌದು'. ಅಯ್ಯಯ್ಯೋ! ನಗಬೇಕೋ ಅಳಬೇಕೋ ತಿಳಿಯದೆ ನಾನು ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ.

ಮಿನ್ಕಾ ನಗುವುದಿಲ್ಲ. ಕಮೆನ್ ಕಡೆಯೇ ನೋಡುತ್ತಿದ್ದಾರೆ.

"ಅದು ಮೊದಲ್ನೇ ದಿನ. ಆಮೇಲೆ ಯಾವತ್ತು ಗೊತ್ತಾಯ್ತು ನಿಂಗೆ?"

ಕಮೆನ್ ನೆಲ ನೋಡುತ್ತಾರೆ. "ಎಂಟು ವರ್ಷ ಆಯ್ತು. ಜರ್ಮನ್ ಗೊತ್ತಿರೋ ಹುಡುಗಿಯೊಬ್ಬಳನ್ನ ಕರ್ಕೊಂಡು ಬಂದಿದ್ರು. ನಿಮ್ಮ ಪರಿಣತರು ಯಾರು ಅಂತ ಕೇಳಿಸಿದ್ರು. ಆಗ ತಿಳೀತು."

"ಎಂಟು ವರ್ಷ! ಪ್ರತಿ ಭಾನುವಾರ ಇದೇ ಕುರ್ಚೀಲಿ ಕೂತು ನನ್ನ ಮನೆ ಕಾಫಿ ಕುಡಿದ್ಯಲ್ಲೋ!"

"ಇವರು ಕೊಳ್ಳದೆ ಇದ್ರೆ ಸಂಘದ ಕೋಣೆಗೆ ಬೀಗ ಬೀಳ್ತಿತ್ತು ಮಿನ್ಕಾ. ನಿಂಗೂ ಕೆಲಸ ಇರ್ತಿರ್ಲಿಲ್ಲ. ಹೇಳೋಣ ಹೇಳೋಣ ಅಂತ..."

ಮಿನ್ಕಾ ಹೋಗಿ ಸಿಂಕಿನ ಪಕ್ಕದ ಒಂಟಿ ಗುಲಾಬಿ ತೆಗೆದುಕೊಳ್ಳುತ್ತಾರೆ. ಹೂಜಿಯಿಂದ ಇನ್ನೊಂದು ಎಳೆಯುತ್ತಾರೆ. ಎರಡನ್ನೂ ಒಟ್ಟಿಗೆ ಕಮೆನ್ ಮುಂದೆ, ಮೇಜಿನ ಮೇಲೆ ಇಡುತ್ತಾರೆ. ಎರಡು ಹೂವು. ಬದುಕಿರುವ ಮನುಷ್ಯನಿಗೆ! ಸಾವಿನ ಮನೆಯ ಲೆಕ್ಕದಲ್ಲಿ ಹೂವಿಡುವುದನ್ನು ನಾನು ನೋಡಿದ್ದು ಸಾವಿನ ಮನೆಯಲ್ಲಿ ಮಾತ್ರ, ಮುಖಕ್ಕೆ ಹೊಡೆದಿದ್ದರೂ ಅಷ್ಟು ದಿಗಿಲಾಗುತ್ತಿರಲಿಲ್ಲ. ಕಮೆನ್ ಕಣ್ಣಲ್ಲಿ ನೀರು ತುಂಬಿತು.

"ಈಗ ಹೇಳು ಮಗಳೇ ಇವರಿಗೆ," ಅನ್ನುತ್ತಾರೆ ಮಿನ್ಕಾ ನನ್ನ ಕಡೆ ತಿರುಗಿ. "ಇದ್ದದ್ದು ಇದ್ದ ಹಾಗೆ."

"ಬೇಡ ಮಿನ್ಕಾ," ಕಮೆನ್ ಗೋಗರೆಯುತ್ತಾರೆ. "ವಯಸ್ಸಾದ ಜೀವ. ಸಂತೋಷವಾಗಿದಾರೆ. ಯಾಕೆ ಮುರೀತೀಯ?"

"ತೀರ್ಪುಗಾರರು ಹಿಡಿದ್ರೆ? ರಿಪೇರಿ ಒಂದೂ ಇಲ್ಲ ಅಂತ ತನ್ನ ಕೈಯಾರೆ ಬರೆದಿದಾರೆ. ನಾಕು ಜನರ ಎದುರು ಕಳ್ಳ ಅನ್ನಿಸ್ಕೋಬೇಕು ಈ ಮನುಷ್ಯ. ಅದೂ ನನ್ನ ಅಕ್ಷರದಿಂದ! ಹೇಳು."

ನಾನು ಎಷ್ಟೋ ಸಾವಿನ ಸುದ್ದಿ ಬರೆದಿದ್ದೇನೆ. ಆ ಒಂದು ವಾಕ್ಯವನ್ನು ಜರ್ಮನ್‌ನಲ್ಲಿ ಹೇಳುವುದು ಅವೆಲ್ಲಕ್ಕಿಂತ ಕಷ್ಟವಾಯಿತು. ಹಾಫ್ನರ್ ಕೇಳುತ್ತಾರೆ. ನಗು ಮುಖದ ಮೇಲೇ ಉಳಿದಿದೆ, ಕಣ್ಣಿಂದ ಮಾತ್ರ ಇಳಿದುಹೋಗಿದೆ. ಆಮೇಲೆ ತಲೆ ಅಡ್ಡಡ್ಡ ಆಡಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 'ಹೌದು'. ಅವರು ಹೇಳುತ್ತಿರುವುದು 'ಸಾಧ್ಯವೇ ಇಲ್ಲ' ಅಂತ.

"ಹತ್ತೊಂಬತ್ತು ವರ್ಷದಿಂದ ಪ್ರತಿ ಭಾನುವಾರ ಈ ಸಿಂಹವನ್ನು ಕನ್ನಡಿ ಹಿಡಿದು ನೋಡಿದ್ದೇನೆ," ಅನ್ನುತ್ತಾರೆ. "ಒಂದು ಗೆರೆ ಆಚೀಚೆ ಇಲ್ಲ. ಈಕೆ ಯಾರನ್ನೋ ಕಾಪಾಡಲು ಸುಳ್ಳು ಹೇಳುತ್ತಿದ್ದಾರೆ. ನಾನು ನಂಬುವುದಿಲ್ಲ."

ಮಿನ್ಕಾ ಕಪಾಟಿನಿಂದ ಕಪ್ಪು ಗಾಜಿನ ಚಿಕ್ಕ ತಟ್ಟೆ ತೆಗೆದು, ಲೈಟರಿಗೆ ಹಾಕುವ ಪೆಟ್ರೋಲು ಅದಕ್ಕೆ ಸುರಿದು, ಸಿಂಹದ ಚೀಟಿಯನ್ನು ಮುಖ ಕೆಳಗೆ ಮಾಡಿ ಅದರಲ್ಲಿ ಮುಳುಗಿಸಿಬಿಡುತ್ತಾರೆ! ನಾನು ಚೀರಿದೆ, ಹಾಫ್ನರ್ ಎದ್ದೇಬಿಟ್ಟರು. ಚೀಟಿಗೆ ಏನೂ ಆಗುವುದಿಲ್ಲ, ನಿಮಿಷದಲ್ಲಿ ಒಣಗುತ್ತದೆ ಅಂತ ಕಮೆನ್ ಸಮಾಧಾನ ಮಾಡುತ್ತಾರೆ. ಅಷ್ಟರಲ್ಲಿ ನೆನೆದ ಕಾಗದದಲ್ಲಿ ರಿಪೇರಿ ಎದ್ದು ಕಾಣತೊಡಗುತ್ತದೆ. ಸಿಂಹದ ಬಾಲದ ಹಿಂದೆ ಹೆಸರುಕಾಳಿನಷ್ಟು ಬೇರೆ ಬಣ್ಣದ ಕಲೆ. ಬಲ ಅಂಚಿನಲ್ಲಿ ಎರಡು ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಗೆರೆ.

"ಬೆನ್ನು ತುಂಬಿದೀನಿ. ಎರಡು ಹಲ್ಲು ಕಟ್ಟಿದೀನಿ," ಅನ್ನುತ್ತಾರೆ ಮಿನ್ಕಾ. "ಚಳಿಗಾಲದಲ್ಲಿ ಮಾಡಿದ್ದಿರ್ಬೇಕು, ಬೆಳಕು ಕಡಿಮೆ. ನಾರು ಸ್ವಲ್ಪ ದಪ್ಪ ಬಿದ್ದಿದೆ."

ಇದನ್ನು ಅನುವಾದಿಸಬೇಕಾಗಲಿಲ್ಲ. ಹಾಫ್ನರ್ ಕುಸಿದು ಕೂರುತ್ತಾರೆ. ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಹಾಕಿಕೊಳ್ಳುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ. ಕಮೆನ್ ಮೇಲೋ, ಆ ಹಾಳು ಅಕ್ಷರದ ಮೇಲೋ, ಒಂದು ಗೆರೆಗೆ ಎರಡು ಓದು ಇಟ್ಟವರ ಮೇಲೋ.

ಕೊನೆಗೆ ಹಾಫ್ನರ್ ಕನ್ನಡಕ ಹಾಕಿಕೊಂಡು ಆಲ್ಬಂನ ಮೊದಲ ಪುಟ ತೆರೆದು, ತಮ್ಮದೇ ಸಾಲನ್ನು ಓದಿ, ಜೇಬಿನಿಂದ ಪೆನ್ನು ತೆಗೆದು ಅದರ ಮೇಲೆ ಒಂದು ನೇರ ಗೆರೆ ಎಳೆಯುತ್ತಾರೆ.

"ನಾನು ಮೋಸಗಾರನಾಗಿ ಊರಿಗೆ ಹೋಗಿಬಿಡುತ್ತಿದ್ದೆ," ಅನ್ನುತ್ತಾರೆ. "ಈಕೆ ಬಿಡಲಿಲ್ಲ. ಆ ಒಂದು ಅಕ್ಷರ ಸಾಲದು ಅಂತ ನೀವು ಇವರಿಗೆ ಹೇಳಿ. ಪೂರ್ತಿ ಪದ ಬರೆಯಲಿ. ಅರವತ್ತೊಂದರ ಮೇಲೂ. ಯಾರೂ ತಪ್ಪು ಓದದ ಹಾಗೆ."

ಹಡಗು ಹೊರಡುವುದು ಸಂಜೆ ನಾಲ್ಕಕ್ಕೆ. ಒಂಬತ್ತಕ್ಕೆ ಮಿನ್ಕಾ ಕೂರುತ್ತಾರೆ. ಒಂದೊಂದನ್ನೂ ತಟ್ಟೆಯಲ್ಲಿ ಮುಳುಗಿಸಿ, ತಾನು ಎಲ್ಲಿ ಏನು ಮಾಡಿದ್ದೇನೆಂದು ನೋಡಿ, ಗಟ್ಟಿಯಾಗಿ ಹೇಳಿ, ಒಣಗಿಸಿ, ಹಳೇ ಗುರುತಿನ ಮುಂದೆ ಉಳಿದ ಎಂಟು ಅಕ್ಷರ ಬರೆಯಬೇಕು. ಒಂದಕ್ಕೆ ನಾಲ್ಕೈದು ನಿಮಿಷ. ಒಂದು ಚೀಟಿಯಾದ ಮೇಲೆ ಪೆನ್ಸಿಲ್ ಮೊಂಡಾಗುತ್ತದೆ. ಯಾರೂ ಹೇಳದೆ ಕಮೆನ್ ಚಾಕು ತೆಗೆದುಕೊಂಡು ಪೆನ್ಸಿಲ್ ಹೆರೆಯತೊಡಗುತ್ತಾರೆ. ಮಿನ್ಕಾ ಅವರನ್ನು ನೋಡುವುದಿಲ್ಲ, ಹೆರೆದ ಪೆನ್ಸಿಲ್ ಮಾತ್ರ ತೆಗೆದುಕೊಳ್ಳುತ್ತಾರೆ.

"ಎರಡು ಹಲ್ಲು," "ಮೂಲೆ ಹರುಕು," "ಅಯ್ಯೋ, ಇದು ನೋಡು, ಗಂಜಿ ಜಾಸ್ತಿಯಾಗಿದೆ, ನಾಚಿಕೆಯಾಗತ್ತೆ," ಅಂತ ಹೇಳುತ್ತಾ ಹೋಗುತ್ತಾರೆ. ನಾನು ಜರ್ಮನ್‌ಗೆ ತಿರುಗಿಸುತ್ತೇನೆ. ಹಾಫ್ನರ್ ಮೊದಮೊದಲು ಮುಖ ಬಿಗಿದುಕೊಂಡು ಕೇಳುತ್ತಾರೆ. ಇಪ್ಪತ್ತು ದಾಟಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಮೂವತ್ತು ದಾಟಿದ ಮೇಲೆ ಇದಕ್ಕೆ ಯಾವ ಕಾಗದ ಹಾಕಿದಿರಿ, ಅದಕ್ಕೆ ಎಷ್ಟು ದಿನ ಹಿಡಿಯಿತು ಅಂತ ತಾವೇ ಕೇಳತೊಡಗುತ್ತಾರೆ. ಹೊಸದು ಅಂದುಕೊಂಡಾಗ ಇಷ್ಟು ಹತ್ತಿರದಿಂದ ನೋಡಿರಲಿಲ್ಲವಂತೆ.

ನಲವತ್ತಮೂರನೆಯದು ಒಂದು ನೀಲಿ ಚೀಟಿ. ಮಿನ್ಕಾ ಅದನ್ನು ಮುಳುಗಿಸಿ ನೋಡುತ್ತಾರೆ, ಮತ್ತೆ ಮುಳುಗಿಸಿ ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ. "ಇದು ಆಮೇಲೆ," ಅಂತ ಪಕ್ಕಕ್ಕಿಡುತ್ತಾರೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಲು ಎದ್ದವರು ಮೇಜಿನ ಮೇಲಿನ ಎರಡು ಗುಲಾಬಿಗಳನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಒಂದನ್ನು ಎತ್ತಿ ಮತ್ತೆ ಹೂಜಿಗೆ ಹಾಕುತ್ತಾರೆ. ಕಮೆನ್ ಮುಂದೆ ಒಂದೇ ಒಂದು ಉಳಿಯಿತು.

"ಹೆರಿ, ಹೆರಿ," ಅನ್ನುತ್ತಾರೆ ಗಡುಸಾಗಿ. "ಬಾಯಿ ಬಿಟ್ಕೊಂಡು ಕೂರ್ಬೇಡ. ನಿನ್ನ ಕಟ್ಟು ಹಲ್ಲು ಬಿದ್ದೋಗತ್ತೆ."

ಕಮೆನ್ ತಲೆ ತಗ್ಗಿಸಿ ಹೆರೆಯುತ್ತ, ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಆಮೇಲೆ ಮಿನ್ಕಾ ನನ್ನ ಕಡೆ ತಿರುಗುತ್ತಾರೆ.

"ಮಗಳೇ, ಪೇಪರ್‌ನಲ್ಲಿ ನನ್ನ ಬಗ್ಗೆ ಏನಾದ್ರೂ ಬರ್ಕೋ. ಫೋಟೋ ಬೇಡ. ಆದ್ರೆ ಇದನ್ನ ಮಾತ್ರ ಬರೀಲೇಬೇಕು. ಬೆನ್ನಲ್ಲಿ ಆ ಅಕ್ಷರ ಇರೋ ಚೀಟಿ ಯಾರ ಹತ್ರ ಇದ್ರೂ, ಯಾವ ದೇಶದಲ್ಲಿದ್ರೂ, ನನಗೆ ಕಳಿಸಲಿ. ಪೂರ್ತಿ ಬರೆದು ಕೊಡ್ತೀನಿ. ಕೂಲಿ ಬೇಡ. ಕಣ್ಣು ಇರೋ ತನಕ ಬರೀತೀನಿ."

ದಿನಕ್ಕೆ ಮೂರರಂತೆ ಮೂವತ್ತೊಂದು ವರ್ಷ. ಎಷ್ಟಾಗುತ್ತದೆಂದು ನಾನು ಮನಸ್ಸಿನಲ್ಲೇ ಗುಣಿಸಿ, ಗಾಬರಿಯಾಗಿ, ಅರ್ಧಕ್ಕೇ ಬಿಟ್ಟುಬಿಟ್ಟೆ. ಅವರ ಮಾತನ್ನು ಹೇಳಿದ ಹಾಗೇ ಬರೆದಿದ್ದೇನೆ. ಓದುಗರು ದಯವಿಟ್ಟು ತಮ್ಮ ಆಲ್ಬಂಗಳನ್ನು ತೆರೆದು ನೋಡಬೇಕು.

ಎರಡೂವರೆಗೆ ಅರವತ್ತು ಮುಗಿಯುತ್ತದೆ. ಉಳಿದದ್ದು ಆ ನೀಲಿ ಚೀಟಿ. ಮಿನ್ಕಾ ಹೊಸ ಪೆಟ್ರೋಲು ಸುರಿದು ಮುಳುಗಿಸುತ್ತಾರೆ. ನಾವು ನಾಲ್ಕೂ ಜನ ತಟ್ಟೆಯ ಮೇಲೆ ಬಗ್ಗುತ್ತೇವೆ. ಕಲೆ ಇಲ್ಲ. ಗೆರೆ ಇಲ್ಲ. ಕಿಟಕಿಗೆ ಹಿಡಿದು ನೋಡುತ್ತಾರೆ, ಕೊಕ್ಕೆಯ ಬೆನ್ನಿನಿಂದ ಒಂದೊಂದೇ ಹಲ್ಲನ್ನು ಸವರಿ ನೋಡುತ್ತಾರೆ. ಏನೂ ಇಲ್ಲ. ಬೆನ್ನಿನ ಮೂಲೆಯಲ್ಲಿ ಅವರದೇ ಗುರುತು ಮಾತ್ರ ಇದೆ.

"ಇದು ಹೊಸದೇ ಇರ್ಬೇಕು," ಅನ್ನುತ್ತಾರೆ ಕಮೆನ್ ಮೆಲ್ಲಗೆ. "ಅಭ್ಯಾಸಬಲದಿಂದ ಗುರುತು ಹಾಕಿರ್ತೀಯ. ಅಳಿಸಿಬಿಡು, ಮಿನ್ಕಾ. ಒಂದಾದ್ರೂ ಇವರಿಗೆ ಹೊಸದು ಉಳೀಲಿ."

ಹಾಫ್ನರ್ ಅವರಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿದಿದೆ. ಮೇಜಿನ ಅಂಚು ಹಿಡಿದು ಮಿನ್ಕಾ ಮುಖವನ್ನೇ ನೋಡುತ್ತಿದ್ದಾರೆ. "ನೊಯ್?" ಅನ್ನುತ್ತಾರೆ, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ. ನನಗೂ ತಡೆಯಲಾಗುವುದಿಲ್ಲ. "ಬಿಟ್ಟುಬಿಡಿ ಚಿಕ್ಕಮ್ಮ, ಒಂದೇ ಒಂದು," ಅಂದುಬಿಡುತ್ತೇನೆ.

ಮಿನ್ಕಾ ಪೆನ್ಸಿಲ್‌ಗೆ ಕೈ ಚಾಚುತ್ತಾರೆ. ಕಮೆನ್ ಕೊಡುತ್ತಾರೆ. ಚೀಟಿ ಮಗುಚಿ, ಉಸಿರು ಬಿಗಿಹಿಡಿದು, ಹಳೇ ಅಕ್ಷರದ ಮುಂದೆ ಎಂಟೂ ಅಕ್ಷರಗಳನ್ನು ಒಂದೊಂದಾಗಿ ಬರೆದು ಮುಗಿಸುತ್ತಾರೆ. ಆಮೇಲೆ ಉಸಿರು ಬಿಟ್ಟು, ಆ ನೀಲಿ ಚೀಟಿಯನ್ನು ಇನ್ನೊಂದು ಸಲ ಬೆಳಕಿಗೆ ಹಿಡಿಯುತ್ತಾರೆ. ಆಲ್ಬಂ ಬಿಚ್ಚಿದಾಗಿನಿಂದ ಮೊದಲ ಸಲ ಅವರ ಮುಖ ಅರಳುತ್ತದೆ.

"ಗುರುತು ನನ್ನದು ಅಂದ್ಮೇಲೆ ಕೆಲಸಾನೂ ನನ್ನದೇ. ಎಲ್ಲಿ ಮಾಡಿದೀನಿ ಅಂತ ನನಗೇ ಸಿಗ್ತಿಲ್ಲ ನೋಡೇ! ಇವರಿಗೆ ಹೇಳು, ಈ ಅರವತ್ತೊಂದರಲ್ಲಿ ನಾನು ಚೆನ್ನಾಗಿ ಮಾಡಿರೋದು ಇದೊಂದೇ ಅಂತ."